ಒಂದು ನಂಬರು, ಆರು ದನಿ

ಚೈತ್ರಾ, ಮುಂದಿನ ತಿಂಗಳಿನಿಂದ ನೀನೂ ಜನ ಬರೆದದ್ದನ್ನು ಓದಿ ವಿಂಗಡಿಸುವ ಕೆಲಸಕ್ಕೆ ಸೇರುತ್ತೀಯ ಎಂದು ನಿಮ್ಮಮ್ಮ ಹೇಳಿದಳು. ಮೊನ್ನೆ ಫೋನಿನಲ್ಲಿ ನೀನು, "ಅಜ್ಜಿ, ನೀನೂ ಅದ್ನೇ ಮಾಡ್ತಿದ್ದೆಯಲ್ಲ, ಏನಾದ್ರೂ ಹೇಳಜ್ಜಿ" ಎಂದಾಗ, ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟುಬಿಟ್ಟೆ. ಯಾರಾದರೂ ನೇರವಾಗಿ ಕೇಳಿದರೆ ನನ್ನ ಮಾತು ಗಂಟಲಲ್ಲೇ ಕೂತುಬಿಡುತ್ತದೆ, ನಿನಗೆ ಗೊತ್ತು. ಬರೆಯುವುದಾದರೆ ಪರವಾಗಿಲ್ಲ. ನಿನ್ನ ತಮ್ಮನಿಗೂ ಓದಲು ಕೊಡು. ನನ್ನ ಕೆಲಸ ಯಾವ ಫೋನಿನ ಆಟದ್ದೋ ಅದನ್ನು ಅವನು ಊಟ ಬಿಟ್ಟು ಆಡಿದವನು. ಅದರ ಹಿಂದುಗಡೆ ಅವನ ಅಜ್ಜಿ ಏನು ಮಾಡುತ್ತಿದ್ದಳು ಎಂದು ಅವನು ಒಮ್ಮೆಯೂ ಕೇಳಿಲ್ಲ.

ನಿಮ್ಮ ತಾತ ಹೋದ ಮರುವರ್ಷ ನಾನು ಆ ಕೆಲಸಕ್ಕೆ ಸೇರಿದೆ. ಹೊಸೂರಿನಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಕನ್ನಡ, ತಮಿಳು, ತೆಲುಗು ಮೂರನ್ನೂ ಓದಬಲ್ಲವರು ಬೇಕೆಂದು ಮೆಟ್ಟಿಲ ಬುಡದಲ್ಲಿ ಚೀಟಿ ಅಂಟಿಸಿದ್ದರು. ನಾನು ಗುಮ್ಮಳಾಪುರದ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ತಮಿಳು, ಶಾಲೆಯಲ್ಲಿ ಅರ್ಧ, ರೇಷನ್ ಅಂಗಡಿಯ ಸಾಲಿನಲ್ಲಿ ಅರ್ಧ ಬಂತು. ತೆಲುಗು ಪಕ್ಕದ ಮನೆಯವರಿಂದ ಬಂತು. ಅಕ್ಷರ ನಮ್ಮದರಂತೆಯೇ ಇರುವುದರಿಂದ ಓದಲು ತೊಡಕಾಗಲಿಲ್ಲ. ನಮ್ಮ ಗಡಿಯ ಕಡೆ ಇದೊಂದು ವಿದ್ಯೆ ಎಂದು ಯಾರೂ ಎಣಿಸುವುದಿಲ್ಲ. ಇದಕ್ಕೆ ಸಂಬಳ ಕೊಡುವವರಿದ್ದಾರೆ ಎಂದು ತಿಳಿದಾಗ ನನಗೇ ಆಶ್ಚರ್ಯವಾಯಿತು.

ಬೆಂಗಳೂರಿನ ಒಂದು ಕಂಪನಿ 'ಕಣಿವೆ ದಂಡು' ಎಂಬ ಆಟವನ್ನು ಮಾಡುತ್ತಿತ್ತು. ಒಂದಾದ ಮೇಲೊಂದು ಭಾಗ ಬರುತ್ತಲೇ ಇತ್ತು. ಆಡುವವರು ಆರು ಜನರ ಒಂದು ದಂಡನ್ನು ನಡೆಸಬೇಕು. ಒಬ್ಬ ಕಾವಲುಗಾರ, ಒಬ್ಬ ಕಮ್ಮಾರ, ಒಬ್ಬಳು ಬಿಲ್ಲುಗಾರ್ತಿ, ಒಬ್ಬ ಹಾಡುಗಾರ, ಮದ್ದು ಅರೆಯುವ ವೈದ್ಯಮ್ಮ, ದೀಪ ಹಿಡಿಯುವವಳು. ದಾರಿಯಲ್ಲಿ ದೆವ್ವವೋ ಕಳ್ಳರೋ ಎದುರಾದರೆ ಆರು ಜನರೂ ಒಬ್ಬರಾದ ಮೇಲೊಬ್ಬರು, ಸರದಿಯ ಮೇಲೆ, ಏನಾದರೂ ಮಾಡಬೇಕು. ಒಬ್ಬರ ಸರದಿ ಮುಗಿಯುವವರೆಗೆ ದೆವ್ವವೂ ಕೈಕಟ್ಟಿ ನಿಲ್ಲುತ್ತದೆ. ಆಡುವವರು ಕಂಪನಿಗೆ ಏನಾದರೂ ಹೇಳಬೇಕೆಂದರೆ ಆಟದೊಳಗೇ ಬರೆಯಬಹುದು, ಇಲ್ಲವೇ ಮಾತಾಡಿ ಕಳಿಸಬಹುದು. ಅದೆಲ್ಲ ಅವರ ಫೋನ್ ನಂಬರಿನೊಂದಿಗೆ ನಮ್ಮ ಆಫೀಸಿಗೆ ಬರುತ್ತಿತ್ತು. ಬೇಕು, ಬೇಡ, ಇತರೆ ಎಂದು ವಿಂಗಡಿಸುವುದು ನಮ್ಮ ಕೆಲಸ. ಮೊದಮೊದಲು ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಿದ್ದರು. ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆವು. ಆಮೇಲೆ ಕಂಪ್ಯೂಟರಿನ ಹಾಳೆ ಬಂತು.

ಸೇರಿದ ವಾರದಲ್ಲೇ ಒಂದು ಪೆದ್ದುತನ ಮಾಡಿದೆ. ಆಟದ ತಲೆಬುಡ ಇನ್ನೂ ತಿಳಿದಿರಲಿಲ್ಲ. ಒಬ್ಬರು ಬರೆದಿದ್ದರು: "ವೈದ್ಯಮ್ಮ ಹೋಗಿಬಿಟ್ಟರು. ಇಷ್ಟು ವರ್ಷ ನನ್ನ ಜೊತೆ ಇದ್ದರು. ಎರಡು ದಿನದಿಂದ ಅನ್ನ ಸೇರುತ್ತಿಲ್ಲ." ನಾನೂ ಆಗಷ್ಟೇ ಅಂಥದ್ದನ್ನು ದಾಟಿ ಬಂದವಳು. ಅಚ್ಚಿನ ಹಾಳೆಯ ಬುಡದಲ್ಲಿ ಉತ್ತರಕ್ಕೆಂದು ಬಿಟ್ಟಿದ್ದ ಜಾಗ ಕಂಡದ್ದೇ, "ನಿಮ್ಮ ಮನೆಯ ಹಿರಿಯರು ತೀರಿಕೊಂಡದ್ದು ತಿಳಿದು ದುಃಖವಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಒಬ್ಬರೇ ಕೂರಬೇಡಿ" ಎಂದು ಬರೆದು ಕಳಿಸಿದೆ.

ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದವಳು ಗೋಮತಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಧರ್ಮಪುರಿ ಕಡೆಯ ತಮಿಳಿನವಳು. ಕನ್ನಡವನ್ನು ಹೊಸೂರಿನ ಬೀದಿಯಲ್ಲೇ ಕಲಿತು ಗಡಗಡನೆ ಆಡುತ್ತಿದ್ದಳು. ಅವಳು ನನ್ನ ಉತ್ತರ ನೋಡಿ ತಲೆ ಹಿಡಿದುಕೊಂಡಳು.

"ಅಯ್ಯೋ ಅಕ್ಕಾ, ಅದು ಬೊಂಬೆ ಅಕ್ಕಾ! ಮೂರ್ನೇ ಭಾಗದಲ್ಲಿ ಸಾಯಿಸ್ಬುಟ್ಟವ್ರೆ. ನೀವು ತಿಥಿ ಊಟಕ್ಕೆ ಹೋಗೋ ತರ ಬರ್ದಿದ್ದೀರ!"

ಆ ಮನುಷ್ಯ ನನ್ನ ಉತ್ತರವನ್ನು ಆಟಗಾರರೆಲ್ಲ ಸೇರುವ 'ಕಟ್ಟೆ'ಯಲ್ಲಿ ಹಾಕಿಬಿಟ್ಟ. ಅದು ಆಟದೊಳಗೇ ಇದ್ದ ಜಾಗ, ಅಲ್ಲಿ ಎಲ್ಲರೂ ಎಲ್ಲರ ಮಾತನ್ನೂ ಓದಬಹುದು. ಮರುದಿನ ಬಂದ ಮಾತುಗಳಲ್ಲಿ ಅರ್ಧಕ್ಕರ್ಧ ಒಂದೇ ಬೇಡಿಕೆ: ನಮಗೂ ವೈದ್ಯಮ್ಮ ಹೋದ ದುಃಖವಿದೆ, ನಮಗೂ ಆ ಅಮ್ಮನ ಕೈಯಲ್ಲೇ ಉತ್ತರ ಬರೆಸಿ. (ಈ ಗೋಳು ತಾಳದೆ ಕಂಪನಿ ನಾಲ್ಕನೆಯ ಭಾಗದಲ್ಲಿ ವೈದ್ಯಮ್ಮನನ್ನು ಬದುಕಿಸಿತು.) ನಾಚಿಕೆಯಿಂದ ಎರಡು ದಿನ ನಾನು ತಲೆ ಎತ್ತಲಿಲ್ಲ. ಆದರೆ ಒಂದು ಕುತೂಹಲ ಹುಟ್ಟಿತು. ಇಲ್ಲದ ಒಬ್ಬ ಹೆಂಗಸಿಗಾಗಿ ಇಷ್ಟು ಜನ ಊಟ ಬಿಡುತ್ತಾರಲ್ಲ, ಅವಳಲ್ಲಿ ಅಂಥದ್ದೇನಿತ್ತು?

ಕಟ್ಟೆಯಲ್ಲಿ ನಡೆಯುತ್ತಿದ್ದ ಜಗಳಗಳನ್ನು ನೀನು ನೋಡಬೇಕಿತ್ತು. ಕೃಷ್ಣಗಿರಿಯ ಒಂದು ಮಾವಿನ ಮಂಡಿಯಲ್ಲಿ ಗುಮಾಸ್ತರಾಗಿದ್ದ ಹಿರಿಯರೊಬ್ಬರು ಮೊದಲ ಭಾಗದಿಂದಲೂ ಆಡಿದವರು. ಮಾವಿನ ಕಾಲದಲ್ಲಿ ಅವರದು ಒಂದು ಸಾಲೂ ಇಲ್ಲ. ಕಾಲ ಮುಗಿದದ್ದೇ ಮೂರು ತಿಂಗಳ ಜಗಳವನ್ನು ಒಟ್ಟಿಗೆ ಆಡುತ್ತಿದ್ದರು. ಮೊದಲ ಭಾಗದ ಬಾವಿಗೆ ಏಳು ಮೆಟ್ಟಿಲಿತ್ತು, ನಾಲ್ಕನೆಯದರಲ್ಲಿ ಐದೇ ಇದೆ, ಎರಡು ಮೆಟ್ಟಿಲು ಎಲ್ಲಿ ಹೋಯಿತು ಎಂದು ಮೂರು ಪುಟ ಬರೆದಿದ್ದರು. ಇದು ನಿಜವೇ ಎಂದು ನೋಡಲು ನಾನು ಆಟವನ್ನು ತೆರೆದೆ. ನಿಜ, ಐದೇ ಇತ್ತು. ಬಾವಿಯವರೆಗೆ ಹೋದವಳು ಹಿಂದಕ್ಕೆ ಬರಲಿಲ್ಲ. ಊಟದ ಬಿಡುವಿನಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪ ಆಡುತ್ತಾ ಹೋದೆ.

ಆ ಗುಮಾಸ್ತರಿಗೆ ಎದುರಾಳಿ ಒಬ್ಬ ಹುಡುಗ, ಹೊಸೂರಿನ ಯಾವುದೋ ಕಾರ್ಖಾನೆಯಲ್ಲಿ ಪ್ರೆಸ್ ಮಿಷನ್ನಿನ ಮುಂದೆ ನಿಲ್ಲುವವನು. ಅವನಿಗೆ ಸರದಿ ಎಂದರೆ ಆಗದು. "ದಿನವೆಲ್ಲ ಮಿಷನ್ನು ಬಾಯಿ ತೆಗೀಲಿ ಅಂತ ಕಾಯ್ತೀನಿ, ಮುಚ್ಚಲಿ ಅಂತ ಕಾಯ್ತೀನಿ. ರೂಮಿಗೆ ಬಂದ್ಮೇಲೆ ದೆವ್ವಕ್ಕೂ ಕಾಯ್ಬೇಕಾ? ಓಡೋಗಿ ಹೊಡೆಯಕ್ಕೆ ಬುಡ್ರಪ್ಪಾ" ಎಂದು ಬರೆದಿದ್ದ. ಅದನ್ನು ಓದಿ ನಿಮ್ಮ ತಾತನ ನೆನಪಾಯಿತು. ಅವರೂ ಕಾರ್ಖಾನೆಯಲ್ಲಿ ಲೇತ್ ಮಿಷನ್ನಿನ ಮುಂದೆ ನಿಂತವರೇ. ಕೆಲಸ ಬಿಟ್ಟ ಮೇಲೆ ಬಸ್ಸಿಗೂ ಕಾಯದೆ ಮನೆಗೆ ನಡೆದುಬಿಡುತ್ತಿದ್ದರು.

ಆ ಹುಡುಗ ಒಮ್ಮೆ ಕಟ್ಟೆಯಲ್ಲಿ, "ತಾತಾ, ನಿನ್ ಸರದಿ ಬರೋ ಹೊತ್ಗೆ ಮಂಡೀಲಿರೋ ಹಣ್ಣೆಲ್ಲ ಕೊಳ್ತೋಯ್ತದೆ" ಎಂದ. ಗುಮಾಸ್ತರು ಬಿಟ್ಟಾರೆಯೆ? "ತಂಬಿ, ನಿನ್ನ ಅವಸರಕ್ಕೆ ಹೂವಿನಲ್ಲೇ ಕಿತ್ತು ತಿನ್ನುತ್ತೀಯ" ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರು ನಾಲ್ಕು ದಿನ ಬರೆಯದಿದ್ದರೆ ಇನ್ನೊಬ್ಬರು, "ಹುಷಾರಿದ್ದೀರಾ?" ಎಂದು ಕೇಳುವುದನ್ನೂ ನಾನೇ ಓದಿದ್ದೇನೆ. ಅಂಥದ್ದನ್ನು ಯಾವ ಕಾಲಮಿಗೆ ಹಾಕಬೇಕೆಂದು ತಿಳಿಯದೆ 'ಇತರೆ'ಗೆ ಹಾಕುತ್ತಿದ್ದೆ.

ಈಗ ನನ್ನ ರೂಲಿನ ವಿಷಯಕ್ಕೆ ಬರುತ್ತೇನೆ. ನಾಲ್ಕನೆಯ ಭಾಗದ ಹೊತ್ತಿಗೆ ದಂಡಿಗೆ ಕುದುರೆ ಬೇಕೆಂದು ಸಾಲುಸಾಲಾಗಿ ಮಾತು ಬಂತು. ಬೇಕು, ಬೇಕು, ಬೇಕು ಎಂದು ನಾವು ಗುರುತು ಹಾಕಿ ಕಳಿಸಿದೆವು. ಬೆಂಗಳೂರಿನವರು ಕಷ್ಟಪಟ್ಟು ಕುದುರೆ ಮಾಡಿದರು. ಅದನ್ನು ಹತ್ತುವವರೇ ಇಲ್ಲ. ಹಳೆಯ ಹಾಳೆಗಳನ್ನು ತೆಗೆದು ನೋಡಿದಾಗ ತಿಳಿಯಿತು, ಒಬ್ಬನೇ ಆಸಾಮಿ ಒಂದೇ ನಂಬರಿನಿಂದ ಬೇರೆ ಬೇರೆ ಹೆಸರು ಹಾಕಿ ಬರೆದಿದ್ದ. ಗೋಮತಿಗೆ ಬೈಗುಳ ಬಿತ್ತು. ಬಾಯಲ್ಲಿ ಹೇಳಲು ಧೈರ್ಯವಿಲ್ಲದೆ ನಾನು ಒಂದು ಚೀಟಿ ಬರೆದು ಅವಳ ಮೇಜಿನ ಮೇಲಿಟ್ಟೆ: ಒಂದು ನಂಬರಿನಿಂದ ಎಷ್ಟು ಹೆಸರು ಬಂದರೂ ಒಂದೇ ಮಾತು ಎಂದು ಹಿಡಿಯೋಣ, ಉಳಿದದ್ದನ್ನು ಹೊಡೆದುಹಾಕೋಣ.

ಬೆಂಗಳೂರಿನವರು ಮೆಚ್ಚಿದರು. ಆಫೀಸಿನಲ್ಲಿ ಅದಕ್ಕೆ 'ರತ್ನಮ್ಮನ ರೂಲು' ಎಂದೇ ಹೆಸರಾಯಿತು. ನನ್ನ ಹೆಸರಿನಲ್ಲಿ ಲೋಕದಲ್ಲಿ ಇದ್ದದ್ದು ಒಂದು ರೇಷನ್ ಕಾರ್ಡು ಮತ್ತು ಈ ರೂಲು. ನನಗೆ ಹೆಮ್ಮೆಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆರನೆಯ ಭಾಗಕ್ಕೆ ಮುಂಚೆ ಕಂಪನಿ ಒಂದು ದೊಡ್ಡ ಪ್ರಶ್ನೆ ಕೇಳಿತು. ಆಟ ಇನ್ನು ಮುಂದೆ ಯಾವ ದಾರಿ ಹಿಡಿಯಬೇಕು? ಸರದಿ ಇರಲೋ, ಅಥವಾ ಸರದಿ ತೆಗೆದು ಎಲ್ಲವೂ ಓಟದಲ್ಲೇ ನಡೆಯಲೋ? ಮೂರು ತಿಂಗಳು ಕಟ್ಟೆ ಕುದಿಯಿತು. ಓದಿ ಓದಿ ನನ್ನ ಕನ್ನಡಕದ ನಂಬರು ಬದಲಾಯಿತು. ಕೊನೆಗೆ ಓಟದವರು ಗೆದ್ದರು. ವರದಿ ಕಳಿಸಿದೆವು. ಸರದಿ ಹೋಗುತ್ತದೆ ಎಂದು ಕಟ್ಟೆಯಲ್ಲೂ ಸುದ್ದಿಯಾಯಿತು.

ಅದಾದ ನಾಲ್ಕನೆಯ ದಿನ, ಮಾತಾಡಿ ಕಳಿಸಿದ ಒಂದು ದನಿ ಬಂತು. ಹೆಂಗಸಿನ ದನಿ, ಹಿಂದೆ ಕತ್ತರಿಯ ಸದ್ದು.

"ನಮಸ್ಕಾರ. ನಾನು ನಾಗವೇಣಿ, ಜವಳಗಿರಿ ಕಡೆ ಗುಲಾಬಿ ಶೆಡ್ಡಲ್ಲಿ ಕೆಲ್ಸ ಮಾಡ್ತೀನಿ. ನಾವು ಆರು ಜನ್ವೂ ಬರ್ದಿದ್ವಿ, ಸರದಿ ತೆಗೀಬ್ಯಾಡ್ರಿ ಅಂತ. ನಮ್ದು ಒಂದೇ ಫೋನು. ಮಿಕ್ಕೋರ್ದು ಸಣ್ ಫೋನು, ಅದ್ರಲ್ಲಿ ಈ ಆಟ ಹಿಡಿಯಲ್ಲ. ಒಬ್ಬೊಬ್ರು ಒಂದೊಂದು ಬೊಂಬೆ ಆಡ್ತೀವಿ. ಸರದಿ ತೆಗುದ್ರೆ ಫೋನು ಯಾರ ಕೈಲೈತೋ ಅವ್ಳೊಬ್ಳೇ ಆಡ್ಬೇಕು. ಮಿಕ್ಕೋರು ಏನ್ ಮಾಡಾನ, ಅವ್ಳ ಬೆನ್ನ ನೋಡ್ತಾ ಕುಂತ್ಕಳಾನ?"

ನಾನು ಹೊಡೆದುಹಾಕಿದ ಹಾಳೆಗಳನ್ನು ತೆರೆದೆ. ಅದೇ ನಂಬರು. ಆರು ಹೆಸರು, ಆರು ಬಗೆಯ ಮಾತು. ಒಂದರಲ್ಲಿ ಅಕ್ಷರ ತಪ್ಪು, ಒಂದು ತೆಲುಗಿನಲ್ಲಿ, ಇನ್ನೊಂದರಲ್ಲಿ "ನಂಗೆ ದೀಪ ಇಷ್ಟ" ಎಂದು ಮಾತ್ರ. ಐದರ ಮೇಲೆ ಗೆರೆ. ಗೆರೆ ನನ್ನದೇ.

ಆ ಹೊತ್ತು ನೆನಪಾದದ್ದು ಹೇಳುತ್ತೇನೆ. ನಾನು ಹುಡುಗಿಯಾಗಿದ್ದಾಗ ನಮ್ಮ ಬೀದಿಯಲ್ಲಿ ಅಕ್ಷರ ಬರುತ್ತಿದ್ದ ಹೆಣ್ಣು ನಾನೊಬ್ಬಳೇ. ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಬೀದಿಯವರಿಗೆಲ್ಲ ಕಾರ್ಡು ಬರೆದುಕೊಡುತ್ತಿದ್ದೆ. ಒಬ್ಬರದು ಹೆರಿಗೆಯ ಸುದ್ದಿ, ಇನ್ನೊಬ್ಬರದು ಗಂಡನ ಮೇಲಿನ ಕೋಪ. ಕೈಬರಹ ಒಂದೇ, ಪೆನ್ನು ಒಂದೇ. ಅಂಚೆಯವನು ಒಂದು ದಿನವೂ, ಇವೆಲ್ಲ ಒಬ್ಬಳದೇ ಮಾತು ಎಂದು ಐದು ಕಾರ್ಡು ಹರಿದುಹಾಕಲಿಲ್ಲ. ಇದನ್ನೆಲ್ಲ ಕಾಣದ ಯಾವನೋ ಪಟ್ಟಣದವನು ಈ ರೂಲು ಮಾಡಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು. ಮಾಡಿದವಳು ಆ ಜಗಲಿಯ ಹುಡುಗಿ.

ಭಾನುವಾರ ತಳಿ ಎಂಬ ಊರಿನ ಮೇಲೆ ಹೋಗುವ ಬಸ್ಸು ಹಿಡಿದು ಜವಳಗಿರಿಗೆ ಹೋದೆ. ಯಾಕೆ ಹೋದೆ ಎಂದು ಈಗ ಕೇಳಿದರೆ, ತಪ್ಪೊಪ್ಪಿಗೆಗಿಂತ ಕುತೂಹಲವೇ ಹೆಚ್ಚಿತ್ತು. ಒಂದು ಫೋನಿನಲ್ಲಿ ಆರು ಜನ ಹೇಗೆ ಆಡುತ್ತಾರೆ?

ಹೂವಿಗೆ ಭಾನುವಾರವಿಲ್ಲ. ಶೆಡ್ಡಿನಲ್ಲಿ ಹೆಂಗಸರು ಮುಳ್ಳು ಸವರಿ, ಕಾಂಡದ ಉದ್ದ ನೋಡಿ, ಗುಲಾಬಿಯನ್ನು ರಟ್ಟಿನಲ್ಲಿ ಸುತ್ತಿ ಕಟ್ಟು ಕಟ್ಟುತ್ತಿದ್ದರು. ಸಂಜೆ ಕಾಡಿನಿಂದ ಆನೆ ಇಳಿಯುವ ಮೊದಲೇ ಎಲ್ಲರೂ ಮನೆ ಸೇರಬೇಕಾದ್ದರಿಂದ ಊಟದ ಬಿಡುವೇ ಅವರ ಆಟದ ಹೊತ್ತು. ಮುದ್ದೆಯ ಡಬ್ಬಿ ಮುಚ್ಚಿ, ಒಂದು ಬಕೆಟ್ಟನ್ನು ಬೋರಲು ಹಾಕಿ ಸುತ್ತ ಕೂತರು. ನಾನು ಯಾರೆಂದು ನಾಗವೇಣಿಗೆ ಮೊದಲೇ ಫೋನಿನಲ್ಲಿ ಹೇಳಿದ್ದೆ. ಆದರೂ ನೋಡಿದ ಕೂಡಲೇ ನಕ್ಕಳು.

"ಕಂಪ್ನಿಯೋರು ಅಂದ್ರೆ ಬೂಟು ಹಾಕ್ಕೊಂಡು ಬತ್ತಾರೆ ಅಂದ್ಕೊಂಡಿದ್ದೆ ಕಣಕ್ಕ. ನೀವು ನಮ್ಮತ್ತೆ ಇದ್ದಂಗೆ ಇದ್ದೀರ!"

ಆಟದಲ್ಲಿ ಅವಳು ಕಾವಲುಗಾರ. ಫೋನು ಅವಳದೇ. ತನ್ನ ಸರದಿ ಆಡಿ ಪಕ್ಕದವಳಿಗೆ ಕೊಟ್ಟಳು, ಅವಳು ಕಮ್ಮಾರ. ಹೀಗೆ ಬಕೆಟ್ಟಿನ ಸುತ್ತ ಫೋನು ತಿರುಗಿತು. ಅವರಲ್ಲೊಂದು ಕಟ್ಟುಪಾಡು ಇತ್ತು: ಕೈಯಲ್ಲಿ ಹಿಡಿದವಳು ತಾನಾಗಿ ಕೊಡುವವರೆಗೆ ಯಾರೂ ಕಿತ್ತುಕೊಳ್ಳುವಂತಿಲ್ಲ, ಹೀಗೆ ಒತ್ತು ಹಾಗೆ ಒತ್ತು ಎಂದು ಹೇಳುವಂತಿಲ್ಲ. ದೀಪದವಳು ಮಾದೇವಿ ಎಂಬ ಹೆಣ್ಣುಮಗಳು. ನಾನಿದ್ದಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಅವಳ ಕೈಗೆ ಫೋನು ಬಂದಾಗ ಎಲ್ಲರೂ ನೆಟ್ಟಗೆ ಕೂತರು.

"ಇವ್ಳು ಯೋಚ್ನೆ ಮಾಡಾಗಂಟ ನಾನು ಇನ್ನೊಂದು ಕಟ್ಟು ಕಟ್ಬುಡ್ತೀನಿ" ಎಂದು ಒಬ್ಬಳು ರೇಗಿಸಿದಳು.

"ಕಟ್ಟು ಹೋಗೆ, ಯಾರ್ ಬ್ಯಾಡ ಅಂದ್ರು? ಹೋದ್ ಸಲ ಅವ್ಳ ದೀಪ ಇಲ್ದಿದ್ರೆ ಆರು ಜನ್ವೂ ಗುಹೇಲೇ ಹೋಗ್ಬುಡ್ತಿದ್ವಿ" ಎಂದಳು ನಾಗವೇಣಿ.

ಮಾದೇವಿ ತಲೆ ಎತ್ತಲಿಲ್ಲ. ಯೋಚಿಸಿದಳು, ಒತ್ತಿದಳು, ಫೋನನ್ನು ನನ್ನ ಕಡೆ ಚಾಚಿದಳು. ಬಿಲ್ಲುಗಾರ್ತಿ ಅವತ್ತು ತೌರಿಗೆ ಹೋಗಿದ್ದಳಂತೆ. ಅವಳ ಸರದಿ ನೀವು ಆಡಿ ಎಂದರು. ಚೈತ್ರಾ, ಎದುರಿಗೆ ಐದು ಜನ ನನ್ನನ್ನೇ ನೋಡುತ್ತಿದ್ದರು. ಆದರೆ ಯಾರೂ ಅವಸರ ಮಾಡಲಿಲ್ಲ. ಒಬ್ಬಳು ತಂಬಿಗೆ ತೊಳೆದಳು, ಇನ್ನೊಬ್ಬಳು ಎಲೆ ಅಡಿಕೆ ಹಾಕಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಬಾಣ ಬಿಟ್ಟೆ. ಅದು ತಪ್ಪಿತು. "ಆಗ್ಲಿ ಬುಡಕ್ಕ, ಸರದಿ ಮತ್ತೆ ಬತ್ತದೆ" ಎಂದರು.

ಸೋಮವಾರ ಗೋಮತಿಗೆ ಎಲ್ಲ ಹೇಳಿದೆ. ಅವಳ ಮುಖ ಇಳಿಯಿತು.

"ಅಕ್ಕಾ, ವರದಿ ಹೋಗಾಯ್ತು. ಈಗ ರೂಲು ತಪ್ಪು ಅಂದ್ರೆ ಮೂರು ತಿಂಗಳು ಏನು ಕಿತ್ರಿ ಅಂತ ಕೇಳ್ತಾರೆ. ಈ ಕೆಲ್ಸನೇ ಬೇರೆ ಆಫೀಸಿಗೆ ಕೊಟ್ಬುಟ್ರೆ? ಇಲ್ಲಿ ಎಂಟು ಹೆಂಗಸ್ರು ಇದೀವಿ."

"ನಿನ್ನ ಹೆಸರು ಬರಲ್ಲಮ್ಮ. ರೂಲು ನಂದು, ನಾನೇ ಹೇಳ್ತೀನಿ" ಎಂದೆ.

"ನೀವಾ? ನೀವು ಮೀಟಿಂಗಲ್ಲಿ ಬಾಯಿ ಬಿಟ್ಟಿದ್ದು ನಾನು ನೋಡೇ ಇಲ್ವಲ್ಲ ಅಕ್ಕಾ!"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಾರಕ್ಕೊಮ್ಮೆ ಬೆಂಗಳೂರಿನವರು ಪರದೆಯ ಮೇಲೆ ಬರುತ್ತಿದ್ದರು. ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದರು. ನನ್ನದು ಯಾವಾಗಲೂ ಕೊನೆ. "ನಂದೇನಿಲ್ಲ ಸರ್" ಎಂದು ಮುಗಿಸುತ್ತಿದ್ದೆ. ಅವತ್ತು ನನ್ನ ಹೆಸರು ಕರೆದಾಗ ನಾನು ಸುಮ್ಮನಿದ್ದೆ. ಪರದೆಯ ಮೇಲಿದ್ದ ಕಂಪನಿಯ ಹುಡುಗ, "ರತ್ನಮ್ಮನೋರದು ಏನಿಲ್ಲ ಅಲ್ವಾ, ಹಾಗಾದ್ರೆ..." ಎಂದು ಮುಗಿಸಲು ಹೊರಟ.

"ಸ್ವಲ್ಪ ತಾಳಿ ಸರ್, ಅಕ್ಕ ಯೋಚ್ನೆ ಮಾಡ್ತಾವ್ರೆ" ಎಂದಳು ಗೋಮತಿ.

ಆಮೇಲೆ ಹೇಳಿದೆ. ತೊದಲಿದೆ, ಆದರೆ ಬಕೆಟ್ಟು, ಫೋನು, ಕೈಯಿಂದ ಕೈಗೆ ಹೋಗುವ ರೀತಿ, ನಾನು ಎಳೆದ ಐದು ಗೆರೆ ಎಲ್ಲ ಹೇಳಿದೆ. ಆ ಹುಡುಗ ಏನನ್ನೋ ಬರೆದುಕೊಂಡ. ಆಮೇಲೆ, "ಆರು ಬೊಂಬೆಗೆ ಆರು ಜನ ಆಡ್ತಾರೆ ಅಂತ ಮಾಡಿದ ನಮಗೇ ಗೊತ್ತಿರ್ಲಿಲ್ಲ ಅಮ್ಮ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಬಾವಿಯ ಮೆಟ್ಟಿಲು ಎಣಿಸಲು ಹೋದಾಗ ನನಗಿದ್ದಂಥ ಕುತೂಹಲವಿತ್ತು. ಹೊಡೆದುಹಾಕಿದ್ದನ್ನೆಲ್ಲ ಮತ್ತೆ ಓದಿ ಎಂದು ಐದು ವಾರ ಕೊಟ್ಟರು.

ಓದಿದೆವು, ಕೇಳಿದೆವು. ಒಂದು ಆಟೋ ಸ್ಟ್ಯಾಂಡಿನ ಫೋನು ಸಿಕ್ಕಿತು, ಹಾಸ್ಟೆಲಿನ ನಾಲ್ವರು ಹುಡುಗಿಯರದು ಸಿಕ್ಕಿತು, ಕಣ್ಣು ಮಂಜಾದ ಅಣ್ಣನಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ತಂಗಿಯದು ಸಿಕ್ಕಿತು. ಕುದುರೆಯ ಆಸಾಮಿಯೂ ಹೊಸ ಹೊಸ ಹೆಸರುಗಳೊಂದಿಗೆ ಸಿಕ್ಕಿದ. ಅವನನ್ನು ಮತ್ತೆ ಹೊಡೆದುಹಾಕಿದೆ. ಯಾರು ನಿಜ ಯಾರು ಸುಳ್ಳು ಎಂದು ನಂಬರು ಹೇಳುವುದಿಲ್ಲ, ಒಂದೊಂದನ್ನೂ ಪೂರ್ತಿ ಓದಲೇಬೇಕು ಎಂಬುದು ನನಗೆ ಆ ಐದು ವಾರದಲ್ಲಿ ತಿಳಿದದ್ದು. ಇಷ್ಟಾದರೂ ಎಣಿಕೆಯಲ್ಲಿ ಓಟದವರೇ ಮುಂದಿದ್ದರು. ಅದನ್ನು ಮುಚ್ಚಿಡದೆ ಹಾಗೆಯೇ ಬರೆದು ಕಳಿಸಿದೆವು.

ಒಂದು ಫೋನನ್ನು ಹಂಚಿಕೊಂಡು ಆಡುವವರಿದ್ದಾರೆ ಎಂದು ತಿಳಿದದ್ದರಿಂದ ಕಂಪನಿ ಆರನೆಯ ಭಾಗವನ್ನು ಎರಡು ದಾರಿಯಾಗಿ ತಂದಿತು. ಓಡುವವರು ಓಡಬಹುದು, ಸರದಿ ಬೇಕೆಂದವರು ಮೊದಲೇ ಅದನ್ನು ಆರಿಸಿಕೊಳ್ಳಬಹುದು. ಸರದಿಯ ಆಟದಲ್ಲಿ ಒಬ್ಬರದು ಮುಗಿದ ಮೇಲೆ ಇನ್ನೊಬ್ಬರು ಮುಟ್ಟುವವರೆಗೆ ಪರದೆ ಸುಮ್ಮನೆ ಕಾಯುತ್ತದೆ. ಪ್ರೆಸ್ ಮಿಷನ್ನಿನ ಹುಡುಗ, ಇಬ್ಬರನ್ನೂ ಮೆಚ್ಚಿಸಲು ಹೋಗಿ ಓಟವನ್ನು ಅರ್ಧಂಬರ್ಧ ಮಾಡಿದ್ದಾರೆ ಎಂದು ಬೈದ. ಗುಮಾಸ್ತರು ಬಾವಿಗೆ ಈಗಲೂ ಐದೇ ಮೆಟ್ಟಿಲು ಎಂದು ಬರೆದರು. ನಮ್ಮ ಆಫೀಸಿನ ಹಾಳೆಯಲ್ಲಿ ನಂಬರಿನ ಪಕ್ಕ 'ದನಿ' ಎಂಬ ಒಂದು ಹೊಸ ಕಾಲಮು ಸೇರಿತು. ನಾನು ಕೆಲಸ ಬಿಡುವ ವರ್ಷ ವಿಂಗಡಣೆಯನ್ನು ಕಂಪ್ಯೂಟರೇ ಮಾಡತೊಡಗಿತ್ತು. ನಿನ್ನದೂ ಹಾಗೆಯೇ ಇರುತ್ತದೆ. ಅದು ಹೊಡೆದುಹಾಕಿದ್ದನ್ನು ದಿನಕ್ಕೆ ಒಂದಿಷ್ಟಾದರೂ ತೆರೆದು ನೋಡು.

ಆಟ ಬಂದ ವಾರ ಜವಳಗಿರಿಯ ನಂಬರಿನಿಂದ ಒಂದು ದನಿ ಬಂತು. ನಾಗವೇಣಿ ಮಾತಾಡಿದಳು. ಕಮ್ಮಾರನನ್ನು ಆಡುವವಳು ಗುಹೆ ಚೆನ್ನಾಗಿದೆ ಎಂದಳು. ವೈದ್ಯಮ್ಮನನ್ನು ಮತ್ತೆ ಸಾಯಿಸಬೇಡಿ ಎಂದು ಒಬ್ಬಳು ಗದರಿದಳು. ಹಾಡುಗಾರ ನಕ್ಕಳು. ತೌರಿನಿಂದ ಬಂದಿದ್ದ ಬಿಲ್ಲುಗಾರ್ತಿ, ನನ್ನ ಬಾಣವನ್ನು ಯಾರಕ್ಕ ಹಾಳು ಮಾಡಿದ್ದು ಎಂದು ಕೇಳಿದಳು. ಆಮೇಲೆ ಮಾತಿಲ್ಲ. ಕತ್ತರಿಯ ಸದ್ದು, ಬಕೆಟ್ಟಿಗೆ ನೀರು ಸುರಿದ ಸದ್ದು. ಯಾರೋ ದೂರದಿಂದ, "ಆಯ್ತೇನ್ರೇ?" ಎಂದು ಕೂಗಿದರು. "ತಡೀ, ಮಾದೇವಿ ಕೈಲೈತೆ" ಎಂದಳು ನಾಗವೇಣಿ.

ದನಿ ಮುಗಿಯುವವರೆಗೂ ಮಾದೇವಿ ಏನೂ ಹೇಳಲಿಲ್ಲ. ನಾನು ಕೊನೆಯ ತನಕ ಕೇಳಿ, ಹೊಸ ಕಾಲಮಿನಲ್ಲಿ ಆರು ಎಂದು ಬರೆದೆ.